ಅಮಾವಾಸ್ಯೆಗೆ ಸಾಯುವ ಪ್ರೊಸೆಸರ್

ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಒಂದು ದೂರು ಬಂತು. ಕೂಗುತ್ತಲೇ ಬಂತು. ಮುಂದೆ ದ್ಯಾಮಣ್ಣ, ಗೋಕುಲ ರಸ್ತೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯ ಯಜಮಾನರು. ಹಿಂದೆ ಮಗಳು ಭಾಗ್ಯಶ್ರೀ, ಎರಡೂ ತೋಳಲ್ಲಿ ಅವುಚಿಕೊಂಡ ಕಂಪ್ಯೂಟರಿನ ಡಬ್ಬಿ.

"ಎಫ್‌ಐಆರ್ ಹಾಕ್ರಿ ಮೇಡಮ್! ಆ ಜುಲ್ಫಿಕಾರ ಕಳ್ಳ ಅದಾನ. ಇಡೀ ರಸ್ತೇಕ ಹೇಳೇನಿ, ಈಗ ನಿಮಗೂ ಹೇಳಾಕತ್ತೇನಿ."

ಎಫ್‌ಐಆರ್ ಅಂದರೆ ಅಂಗಡಿಯಲ್ಲಿ ಸಿಗುವ ಅವಲಕ್ಕಿಯೇ, ಕೇಳಿದ ಕೂಡಲೇ ಕಟ್ಟಿಕೊಡಲು? ಇನ್‌ಸ್ಪೆಕ್ಟರ್ ಶಾಂಭವಿ ದ್ಯಾಮಣ್ಣನವರನ್ನು ಕೂಡಿಸಿ ಮಗಳ ಕಡೆ ತಿರುಗಿದರು.

"ಏನಾಗೇತಿ?"

"ಪ್ರೊಸೆಸರ್ ಸತ್ತೈತ್ರಿ. ಕಂಪ್ಯೂಟರಿನ ಮೆದುಳು ಅಂತೀವಲ್ರಿ, ಅದು. ಇದು ಮೂರನೇದು. ಜುಲ್ಫಿಕಾರ ಹೊಸಾದು ಹಾಕಿ ಕೊಡತಾನ, ಸ್ವಲ್ಪ ದಿವಸ ಓಡತೈತಿ, ಮತ್ತ ಸಾಯತೈತಿ. ಹಳೇ ಮಾಲು ಹಾಕಿ ಮೋಸ ಮಾಡಾಕತ್ತಾನ ಅಂತ ನನಗ ಸಂಶಯ. ಲಗ್ನದ ಸೀಜನ್ ಬ್ಯಾರೆ."

ಹೆಡ್ ಕಾನ್‌ಸ್ಟೇಬಲ್ ನೀಲಪ್ಪ ಹೋಗಿ ಜುಲ್ಫಿಕಾರನನ್ನು ಕರೆತಂದ. ಅದೇ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಮುಖ ಬಾಡಿತ್ತು.

"ಕಾಕಾ ಕಳ್ಳ ಅಂದಾಗಿಂದ ಅಂಗಡಿಗೆ ಒಬ್ಬರೂ ಹಾದಿಲ್ರಿ ಮೇಡಮ್. ಕೇಸ ಆದ್ರ ಬಾಗಲಾ ಹಾಕೂದ ಆಕ್ಕೈತಿ. ನನ್ನ ಎದುರಿಗೇ ಬಿಚ್ಚಿ ನೋಡ್ರಿ."

ಠಾಣೆಯ ಮೇಜಿನ ಮೇಲೆಯೇ ಪಂಚನಾಮೆ ನಡೆಯಿತು. ಚಹದಂಗಡಿಯವನೂ ಹೂವಿನವನೂ ಪಂಚರು. ಇಬ್ಬರೂ ಮೂಗು ತೂರಿಸಿ ಎಲ್ಲ ಅರ್ಥವಾದವರಂತೆ ಗೋಣು ಹಾಕಿದರು. ಜುಲ್ಫಿಕಾರ ಫ್ಯಾನು ತೆಗೆದ.

"ಫ್ಯಾನಿಗೂ ಪ್ರೊಸೆಸರಿಗೂ ನಡುವ ಬಿಳೇ ಪೇಸ್ಟ್ ಹಚ್ಚಿರತೇನ್ರಿ, ಕಾವು ಹೊರಗ ಹೋಗಲಿ ಅಂತ. ಯಾರೋ ಅದನ್ನ ಒರಸ್ಯಾರ. ಎಣ್ಣಿ ಬಿಟ್ಟಾರ. ಪ್ರೊಸೆಸರ್ ಕಿತ್ತು ಹೊಳ್ಳಿ ಒತ್ತ್ಯಾರ, ಪಿನ್ನು ಬಾಗ್ಯಾವ. ಮೂರೂ ಸಲ ಹಿಂಗ. ಹೇಳಿದ್ರ ಯಾರೂ ನಂಬವಲ್ರು."

"ಎಣ್ಣಿ ಬಿಟ್ರ ಯಂತ್ರ ಸಾಯತೈತೇನ್ರಿ? ಹಳೇ ಮಾಲು ಹಾಕಿ ನೆವ ಹೇಳತಾನ!" ದ್ಯಾಮಣ್ಣ ಎದ್ದರು.

"ಕೂಡ್ರಿ. ಅಂಗಡ್ಯಾಗ ಕಂಪ್ಯೂಟರ್ ಯಾರ್ ಯಾರು ಬಳಸತೀರಿ?"

"ಮಗಳು ಒಬ್ಬಾಕಿನ. ನನಗ ಮೌಸ್ ಹಿಡ್ಯಾಕೂ ಬರೂದಿಲ್ಲ."

"ಸತ್ತದ್ದು ಯಾವಾಗ್ಯಾವಾಗ?"

ಭಾಗ್ಯಶ್ರೀ ಮೊಬೈಲ್ ನೋಡಿ ದಿನಾಂಕ ಹೇಳಿದಳು. ಗೋಡೆಯ ಪಂಚಾಂಗ ತಿರುವುತ್ತಿದ್ದ ನೀಲಪ್ಪನ ಕೈ ನಿಂತಿತು.

"ಮೇಡಮ್ಮರ, ಮೂರೂ ಅಮಾಸಿ!"

"ಅಮಾಸಿ ಪೂಜಾದಾಗ ಏನೂ ಕಸರ ಇಲ್ರಿ," ದ್ಯಾಮಣ್ಣ ಎದೆ ಉಬ್ಬಿಸಿದರು. "ಮಗಳು ಬರೂಕಿಂತ ಮೊದಲ, ನಸಿಕಿನ್ಯಾಗ ನಾನ ಸ್ವತಃ ಮಾಡತೇನಿ."

ಶಾಂಭವಿ ಅವರಿಗೆ ನಗು ಬಂತು, ನುಂಗಿಕೊಂಡರು. ಮುಂದಿನ ಅಮಾವಾಸ್ಯೆಯವರೆಗೆ ಎಫ್‌ಐಆರ್ ಇಲ್ಲ ಎಂದರು. ಜುಲ್ಫಿಕಾರ ಮರ್ಯಾದೆ ಉಳಿದರೆ ಸಾಕೆಂದು ತನ್ನದೇ ಪ್ರೊಸೆಸರ್ ಹಾಕಿಕೊಟ್ಟ. ಭಾಗ್ಯಶ್ರೀ ಅಂಗಡಿಯ ಇನ್ನೊಂದು ಕೀಲಿ ಪೊಲೀಸರಿಗೆ ಕೊಟ್ಟಳು, ಅಪ್ಪನಿಗೆ ಹೇಳದೆ.

ಅಮಾವಾಸ್ಯೆ ಬೆಳಿಗ್ಗೆ ಐದೂಮುಕ್ಕಾಲು. ಕಾಗದದ ರಾಶಿಯ ಹಿಂದೆ ಶಾಂಭವಿ, ಜುಲ್ಫಿಕಾರ, ನೀಲಪ್ಪ. ದ್ಯಾಮಣ್ಣ ಸ್ನಾನ ಮಾಡಿ, ಹಣೆತುಂಬ ವಿಭೂತಿ ಧರಿಸಿ ಬಂದರು. ಮೂಲೆಯಲ್ಲಿದ್ದ, ಕಾಲಿನಿಂದ ತುಳಿದು ಅಚ್ಚು ಹಾಕುವ ಹಳೇ ಟ್ರೆಡಲ್ ಯಂತ್ರಕ್ಕೆ ಹೂವೇರಿಸಿದರು. ಆಮೇಲೆ ಕಂಪ್ಯೂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಸ್ಕ್ರೂಡ್ರೈವರ್ ತೆಗೆದರು.

"ಎಷ್ಟು ಹೊಲಸ ಮೆತ್ತ್ಯಾನ ನೋಡ, ಮೂಳ," ಎಂದು ಬೈಯುತ್ತ ಪೇಸ್ಟನ್ನು ಧೋತರದ ಸೆರಗಿನಿಂದ ತಿಕ್ಕಿ ತೆಗೆದರು. ಪ್ರೊಸೆಸರನ್ನು ಕಿತ್ತು ಫಳಫಳ ಒರೆಸಿ, ಎಣ್ಣೆಯ ಹನಿ ಬಿಟ್ಟು, ಹೆಬ್ಬೆರಳಿನಿಂದ ಬಲವಾಗಿ ಒತ್ತಿದರು. ಜುಲ್ಫಿಕಾರ ಕಣ್ಣು ಮುಚ್ಚಿಕೊಂಡ. ಕಾಯಿ ಒಡೆದು ಮಂಗಳಾರತಿ ಎತ್ತಿದ್ದೇ ತಡ, ರಾಶಿಯ ಹಿಂದಿನಿಂದ ನೀಲಪ್ಪನ ಕೈ ಅಭ್ಯಾಸಬಲದಿಂದ ಆರತಿಗೆ ಚಾಚಿತು.

"ಯಪ್ಪಾ!" ದ್ಯಾಮಣ್ಣ ಹೌಹಾರಿದರು.

"ಹೊರಗ ನಡೀರಿ ಕಾಕಾ. ಸಿಕ್ಕಬಿದ್ರಿ," ಎಂದರು ಶಾಂಭವಿ.

ಆರೂ ಇಪ್ಪತ್ತಕ್ಕೆ ದ್ಯಾಮಣ್ಣನವರನ್ನು ವಶಕ್ಕೆ ಪಡೆದು ಠಾಣೆಗೆ ಕರೆತರಲಾಯಿತು. "ಬೆರಳಚ್ಚಿಗೆ ಶಾಯಿ ಬ್ಯಾಡ್ರಿ, ಕೈತುಂಬ ಎಣ್ಣಿನ ಐತಿ," ಅಂದ ನೀಲಪ್ಪ. ಯಾರೂ ನಗಲಿಲ್ಲ. ಸುದ್ದಿ ಕೇಳಿ ಭಾಗ್ಯಶ್ರೀ ಓಡಿಬಂದಿದ್ದಳು.

"ಅಪ್ಪಾ, ನೀನ? ಯಾಕೋ?"

ದ್ಯಾಮಣ್ಣ ಬೆಂಚಿನ ಮೇಲೆ ಕುಸಿದರು. ದನಿ ಸಣ್ಣದಾಗಿತ್ತು.

"ಟ್ರೆಡಲ್ ಓಡತಿದ್ದಾಗ ಪ್ರತಿ ಅಮಾಸಿ ಬಿಚ್ಚಿ, ಒರಸಿ, ಎಣ್ಣಿ ಬಿಟ್ಟು ಪೂಜಾ ಮಾಡತಿದ್ದೆ. ತಿಂಗಳತನಕ ತಕರಾರ ಇರತಿರಲಿಲ್ಲ. ಕಂಪ್ಯೂಟರಿಗೂ ಹಂಗ ಮಾಡಿದೆ. ಇದು ಸತ್ತಾಗ, ಸೇವಾದಾಗ ಏನೋ ಕಮ್ಮಿ ಆತು ಅನಿಸ್ತು. ಮತ್ತಷ್ಟು ತಿಕ್ಕಿ ಒರಸಿದೆ, ಮತ್ತಷ್ಟು ಎಣ್ಣಿ ಬಿಟ್ಟೆ." ಎಣ್ಣೆಗೈಯನ್ನು ಧೋತರಕ್ಕೆ ಒರೆಸಿಕೊಂಡು ಮಗಳ ಕಡೆ ತಿರುಗಿದರು, "ಎಲ್ಲಾ ನೀನ ಮಾಡತಿ, ತಂಗಿ. ನನ್ನ ಅಂಗಡ್ಯಾಗ ನಾ ಸುಮ್ಮ ಕುಂಡ್ರೂದಾತು. ಇದೊಂದು ಕೆಲಸರ ನನಗ ಇರಲಿ ಅಂತ."

ಭಾಗ್ಯಶ್ರೀಗೆ ಅಳು ತಡೆಯಲಾಗಲಿಲ್ಲ. ಅಪ್ಪ ಮಗಳು ಇಬ್ಬರೂ ದೂರನ್ನು ಅಲ್ಲಿಯೇ ಹಿಂದಕ್ಕೆ ಪಡೆದರು.

"ನಿನ್ನ ಹೆಸರ ಕೆಟ್ಟೈತಿ. ನಿನಗ ಏನಾಗಬೇಕು, ಹೇಳು," ಶಾಂಭವಿ ಜುಲ್ಫಿಕಾರನನ್ನು ಕೇಳಿದರು.

"ಕೇಸ ಬ್ಯಾಡ್ರಿ. ಕಳ್ಳ ಅಂತ ಎಷ್ಟು ಜೋರ ಒದರಿದ್ರೋ, ಅಷ್ಟ ಜೋರ ಅಲ್ಲ ಅಂತ ಒದರಲಿ. ಆಮ್ಯಾಲೆ ಪೇಸ್ಟ್ ಹ್ಯಾಂಗ ಹಚ್ಚೂದು ನಾ ಕಾಕಾಗ ಕಲಸತೇನಿ."

ಹತ್ತು ಗಂಟೆಗೆ ಎಲ್ಲ ಅಂಗಡಿಗಳೂ ತೆರೆದ ಹೊತ್ತಿನಲ್ಲಿ ದ್ಯಾಮಣ್ಣ ಜುಲ್ಫಿಕಾರನ ಅಂಗಡಿಯ ಮುಂದೆ ನಿಂತರು. ಗಂಟಲು ಸರಿ ಮಾಡಿಕೊಂಡರು.

"ಕೇಳ್ರೆಪಾ ಎಲ್ಲಾರೂ! ಈ ಹುಡುಗ ಕಳ್ಳ ಅಲ್ಲ. ಕಳ್ಳ ನಾನು!"

ಜನ ಗುಂಪುಗೂಡಿದರು. ಚಹದಂಗಡಿಯವನು ಲೋಟ ಹಿಡಿದೇ ಓಡಿಬಂದ.

"ಏನ್ ಕದ್ರಿ ಕಾಕಾ?"

"ಇವನ ಹೆಸರ ಕದ್ದಿದ್ನೆಪಾ," ಅಂದರು ದ್ಯಾಮಣ್ಣ. "ಹೊಳ್ಳಿ ಕೊಡಾಕ ಬಂದೇನಿ."