ಕಿವಿ ತಪಾಸಣೆಯ ದೀಪ

ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ನಾನು ಕಿವಿ ತಪಾಸಣೆ ಮಾಡುತ್ತೇನೆ. ಮೊನ್ನೆ ಮಧ್ಯಾಹ್ನ ಹೋಟಗಿಯಿಂದ ಸುವರ್ಣಾಬಾಯಿ ಬಂದರು. ತೀರಿಕೊಂಡ ಅವರ ಗಂಡ ಬಸಯ್ಯ ಸೈನಿಕರಾಗಿದ್ದವರು, ತೋಪಿನ ಸದ್ದಿಗೆ ಕಿವುಡಾದವರು. ನಮ್ಮ ಆಸ್ಪತ್ರೆಯ ದಾಖಲೆಯಲ್ಲಿ ಅದು ‘ಹುಟ್ಟಿನಿಂದ’ ಎಂದು ಬದಲಾಗಿ, ಅಂಗವಿಕಲ ಪಿಂಚಣಿ ತಪ್ಪಿತ್ತು.

“ಹುಟ್ಟಾ ಕಿವುಡನ್ನ ಫೌಜಿಗೆ ತಗೋತಾರೇನೋ ತಮ್ಮಾ? ಲಗ್ನದ ಹಂದರದಾಗ ನಾ ಗೆಳತಿ ಕಿವ್ಯಾಗ ‘ಮೂಗು ದಪ್ಪೈತಿ’ ಅಂದದ್ದೂ ಅವರಿಗೆ ಕೇಳಿತ್ತು!”

“ಸಾಹೇಬ್ರು ಹೇಳಿದ್ರು ಅಂತ ಆ ದಾಖಲೆ ನಾನೇ ತಿದ್ದೀನ್ರಿ ಅವ್ವಾರ” ಎಂದೆ, ಅವರಿಗೆ ಕೇಳಿಸದಷ್ಟು ಮೆಲ್ಲಗೆ.

ಗಾಜಿನ ಕೋಣೆಯಲ್ಲಿ ಕೂತವರು ಸದ್ದು ಕೇಳಿಸಿದಾಗ ಗುಂಡಿ ಒತ್ತಿದರೆ ನನ್ನ ಮೇಜಿನ ದೀಪ ಹತ್ತುತ್ತದೆ. ಅದು ಹತ್ತಿತು. ಒಳಗೆ ಯಾರೂ ಇರಲಿಲ್ಲ.

ಆಮೇಲೆ ಅದನ್ನೇ ಅವರಿಗೆ ಗಟ್ಟಿಯಾಗಿ ಹೇಳಿ, ಬರೆದೂ ಕೊಟ್ಟೆ. ಗುಂಡಿಯ ವೈರು ಕಿತ್ತಿದ್ದೇನೆ. ದೀಪ ಇನ್ನೂ ಆರಿಲ್ಲ.