ಹಿಂದಿನವನ ಹೂಂ

ಪುಟ್ಟಲಿಂಗಮ್ಮ ಕಂಬಿ ಹಿಡಿಯದೆ ಆಸ್ಪತ್ರೆಯ ಮೆಟ್ಟಿಲಿಳಿದು, ಹಾಗೆಯೇ ಹತ್ತಿ ಬಂದರು. ಅವರ ಎರಡೂ ಮಂಡಿಗಳಿಗೆ ತೆಳುವಾದ ಬೂದು ಗವಸು ಹಾಕಿತ್ತು. ಒಳಗಿನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ವರಾಂಡದಲ್ಲಿ ಸರದಿಗೆ ಕಾದಿದ್ದ ಮಂಡಿನೋವಿನವರೆಲ್ಲ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು.

"ನೋವಿದೆಯಾ?" ಎಂದು ಡಾಕ್ಟರ್ ಮಂಜರಿ ಅರಸ್ ಕೇಳಿದರು.

"ಎಲ್ಲೋಯ್ತೋ ಏನೋ ಕಣವ್ವ," ಎಂದರು ಪುಟ್ಟಲಿಂಗಮ್ಮ.

ಮಂಡಿನೋವಿಗೆ ಆ ಕಾಲದಲ್ಲಿ ಚಿಕಿತ್ಸೆಗಳ ಕೊರತೆಯೇನೂ ಇರಲಿಲ್ಲ. ತೂಕ ಇಳಿಸಬಹುದಿತ್ತು, ತೊಡೆಯ ಸ್ನಾಯು ಗಟ್ಟಿಯಾಗಲು ವ್ಯಾಯಾಮ ಮಾಡಬಹುದಿತ್ತು. ಅದಕ್ಕೂ ಜಗ್ಗದಿದ್ದರೆ ಕೀಲಿಗೇ ಚುಚ್ಚುಮದ್ದು, ಕೊನೆಗೆ ಸವೆದ ಕೀಲು ತೆಗೆದು ಲೋಹದ ಕೀಲು ಕೂರಿಸುವ ಶಸ್ತ್ರಚಿಕಿತ್ಸೆ. ಪುಟ್ಟಲಿಂಗಮ್ಮ ಮೊದಲಿನವನ್ನೆಲ್ಲ ಮಾಡಿ ಮುಗಿಸಿದ್ದರು, ಶಸ್ತ್ರಚಿಕಿತ್ಸೆಗೆ ಮಾತ್ರ ಸುತರಾಂ ಒಪ್ಪಲಿಲ್ಲ. ಬಸ್ ನಿಲ್ದಾಣದ ಎದುರು ಹೂ ಕಟ್ಟಿ ಮಾರುವ ಅವರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕದೆ ಕೈ ಓಡುತ್ತಿರಲಿಲ್ಲ. ಲೋಹದ ಕೀಲಿಗೆ ಆ ಕೂರುವಿಕೆ ಒಗ್ಗದು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು.

"ಆಪರೇಸನ್ ಆದ್ಮ್ಯಾಕೆ ನಮ್ಮ ನಾದಿನಿ ರಟ್ಟೆ ಹಿಡ್ಕಂಡು ಹಿಂದೆಹಿಂದೇನೆ ಬತ್ತಾಳೆ. ನನ್ನ ಹಿಂದೆ ಯಾರೂ ಬರಕೂಡ್ದು. ನನ್ ಪಾಡಿಗೆ ನಾನು ಓಡಾಡ್ಬೇಕು, ಅಷ್ಟೇಯ," ಎಂದಿದ್ದರು.

ಮಂಜರಿಯವರ ನಡಿಗೆಗವಸು ಇಂಥವರಿಗಾಗಿಯೇ ಹುಟ್ಟಿದ್ದು. ಕೀಲು ಸವೆದದ್ದಕ್ಕಿಂತ, ಸವೆದ ಕೀಲಿನ ಮೇಲೆ ತಪ್ಪಾಗಿ ಭಾರ ಹಾಕುವುದರಿಂದಲೇ ನೋವು ಹೆಚ್ಚು ಎಂಬುದು ಅವರ ವಾದ. ಸರಿಯಾಗಿ ನಡೆಯುವ ಒಬ್ಬರ ನಡಿಗೆಯನ್ನು, ಸ್ನಾಯುವಿನ ಒಂದೊಂದು ಸೆಳೆತವನ್ನೂ ಬಿಡದೆ, ಯಂತ್ರದಲ್ಲಿ ದಾಖಲಿಸಿ ಅವರು ನಡಿಗೆಯಚ್ಚು ತಯಾರಿಸಿದ್ದರು. ಗವಸು ಆ ಅಚ್ಚನ್ನು ರೋಗಿಯ ನರಗಳಿಗೆ ಇಳಿಸುತ್ತಿತ್ತು. ಎರಡು ತಿಂಗಳಲ್ಲಿ ನರಗಳು ಪಾಠ ಕಲಿಯುತ್ತವೆ, ಆಮೇಲೆ ಗವಸನ್ನು ಬಿಸಾಕಬಹುದು, ಕಲಿತದ್ದು ಮಾತ್ರ ಅಳಿಸುವುದಿಲ್ಲ. ಈ ಕೊನೆಯ ಮಾತನ್ನು ಅವರು ವಿಶೇಷ ಹೆಮ್ಮೆಯಿಂದ ಹೇಳುತ್ತಿದ್ದರು.

ಅಚ್ಚಿಗೆ ಆರಿಸಿದ್ದು ಬೋರಯ್ಯನನ್ನು. ಯಾತ್ರಿಕರನ್ನು ಡೋಲಿಯಲ್ಲಿ ಕೂರಿಸಿ ಕಲ್ಲುಬೆಟ್ಟ ಹತ್ತಿಸುವ ಜೋಡಿಯಲ್ಲಿ ಮುಂದಿನ ಹೆಗಲು ಅವನದು. ಅರವತ್ತು ದಾಟಿದರೂ ಅವನ ಮಂಡಿ ಒಮ್ಮೆಯೂ ಕುಸಿದದ್ದಿಲ್ಲ. ಹೊರೆ ಹೊತ್ತಾಗಲೇ ಅವನ ಹೆಜ್ಜೆ ಇನ್ನೂ ಸ್ಥಿರವಾಗಿರುವುದನ್ನು ಕಂಡು, ಡೋಲಿಯೊಂದಿಗೇ ದಾಖಲಿಸಿಕೊಂಡರು. ಪುಟ್ಟಲಿಂಗಮ್ಮನ ನಡಿಗೆ ನೋಡಿದ ಮೇಲೆ ಡಾಕ್ಟರು ತಮ್ಮ ಹಳೆಯ ಮಂಡಿನೋವಿಗೂ ಗವಸು ತೊಟ್ಟರು. ಊರಿನ ನೂರಾರು ಜನ ತೊಟ್ಟರು.

ಗವಸು ಬಿಚ್ಚಿದ ಕೆಲವು ದಿನಗಳಿಗೆ ಪುಟ್ಟಲಿಂಗಮ್ಮ ಮತ್ತೆ ಬಂದರು. ಮುಖ ಬಾಡಿತ್ತು.

"ಒಂದ್ಸಲ ನಿಂತ್ರೆ ಕಾಲು ಏಳಾಕಿಲ್ಲ ಕಣವ್ವ. ನೋವೂ ಇಲ್ಲ. ಯಾರ್ಗೋ ಕಾಯ್ದಂಗೆ ನಿಂತ್ಕಬುಡ್ತದೆ. ಹಿಂದ್ಲಿಂದ ಯಾರಾದ್ರೂ ಮಾತಾಡುದ್ರೆ ಸರಿ, ಹೊಂಟ್ಬುಡ್ತದೆ."

"ಮುಂದೆ ನಿಂತು ಮಾತಾಡಿದ್ರೆ?"

"ಊಹೂಂ. ನಾನೇ ಕೂಗ್ಕಂಡ್ರೂ ಇಲ್ಲ. ಅಂಗ್ಡಿ ತಾವ ಗದ್ದಲ, ಗೊತ್ತಾಗಾಕಿಲ್ಲ. ಬೆಳಗ್ಗೆ ಹೂ ತರಾಕೆ ರೈಲು ಹಳಿ ದಾಟ್ಬೇಕಲ್ಲ, ಅಲ್ಲಿ ನರಪಿಳ್ಳೆ ಇರಾಕಿಲ್ಲ. ಮೊನ್ನೆ ಹಳಿ ಮ್ಯಾಲೇ ನಿಂತ್ಬುಟ್ಟೆ. ಹಾಲಿನೋನು ಬಂದ, ಬದುಕ್ಕಂಡೆ. ಈಗಿನ ರೈಲ್ಗೆ ಸದ್ದೂ ಇಲ್ವಲ್ಲವ್ವ."

"ಅದೆಲ್ಲ ಮನಸ್ಸಿನ ಹೆದರಿಕೆ ಅಮ್ಮ, ಹೋಗುತ್ತೆ," ಎಂದು ನಕ್ಕು ಡಾಕ್ಟರು ಹೊರಟರು. ನರ್ಸು, ಕಲಿಯುವ ಡಾಕ್ಟರುಗಳು ಎಂದಿನಂತೆ ವಟವಟ ಎನ್ನುತ್ತ ಹಿಂಬಾಲಿಸಿದರು. ಮನೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಅವರ ಬೆನ್ನಿಗೆ ಯಾರದೋ ಮಾತು ಇದ್ದೇ ಇರುತ್ತಿತ್ತು.

ನಕ್ಕರೂ ಮನಸ್ಸು ಕೊರೆಯುತ್ತಿತ್ತು. ಸಂಜೆ ಬೋರಯ್ಯನಿಗೆ ಫೋನ್ ಮಾಡಿ, ದಾರಿಯಲ್ಲಿ ನಿಂತ ಮೇಲೆ ಮತ್ತೆ ಹೇಗೆ ಹೊರಡುತ್ತೀರಿ ಎಂದು ಕೇಳಿದರು.

"ಹಿಂದ್ಲೋನು ಹೂಂ ಅಂತಾನೆ, ಹೊರಡ್ತೀನಿ."

"ಅವನು ಅನ್ನದಿದ್ರೆ?"

"ಕಾಲೆತ್ತಂಗಿಲ್ಲ. ಎತ್ತುದ್ರೆ ಮ್ಯಾಲೆ ಕುಂತೋರು ಉಳ್ಳೋಯ್ತಾರೆ."

"ಒಬ್ಬರೇ ಇದ್ದಾಗ?"

"ಒಬ್ನೇ ಹೋಗಾಕೆ ಡೋಲಿ ಯಾಕವ್ವ?"

ಡಾಕ್ಟರಿಗೆ ಈಗ ಅರ್ಥವಾಯಿತು. ಯಂತ್ರ ಹೆಜ್ಜೆಯ ಜೊತೆಗೆ ಕಾಯುವುದನ್ನೂ ದಾಖಲಿಸಿತ್ತು. ಊರಿನ ನೂರಾರು ಮಂಡಿಗಳಿಗೆ ಅವರು ಇಳಿಸಿದ್ದು ಜೋಡಿಯೊಂದರ ಅರ್ಧ ನಡಿಗೆಯನ್ನು. ಪುಟ್ಟಲಿಂಗಮ್ಮನಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಬೆಳಕು ಹರಿಯುವ ಮೊದಲೇ ಡಾಕ್ಟರು ಆಟೋ ಹಿಡಿದು ರೈಲು ಹಳಿಯ ಬಳಿ ಇಳಿದರು. ಅಲ್ಲಿ ಎರಡು ಜೋಡಿ ಹಳಿಗಳಿದ್ದವು. ಆಚೆಯ ಹಳಿಯ ಮೇಲೆ, ಬುಟ್ಟಿ ಹೊತ್ತು, ಬೆನ್ನು ಮಾಡಿಕೊಂಡು ಪುಟ್ಟಲಿಂಗಮ್ಮ ಅಲುಗಾಡದೆ ನಿಂತಿದ್ದರು. ರೈಲು ಬರುತ್ತಿದೆಯೆಂದು ಕಂಬದ ಕೆಂಪು ದೀಪ ಮಿನುಗುತ್ತಿತ್ತು.

"ಕಾಯ್ಲಾ ಮೇಡಂ?" ಎಂದ ಹಿಂದಿನಿಂದ ಆಟೋದವನು. ಬೇಡವೆಂದು ಕೈಯಾಡಿಸಿ ಡಾಕ್ಟರು ಓಡಿದರು. ಆಟೋ ಹೊರಟುಹೋಯಿತು.

ಈಚೆಯ ಹಳಿಗೆ ಬಂದು ನಿಂತು, ಏದುಸಿರು ಬಿಡುತ್ತ, "ಹೂಂ," ಎಂದರು.

ಪುಟ್ಟಲಿಂಗಮ್ಮನ ಕಾಲು ತಟ್ಟನೆ ಎದ್ದಿತು. ಹಳಿ ದಾಟಿ ಆಚೆ ಸೇರಿ ನಿಂತು, "ಬಂದ್ಯಾ ನನ್ನವ್ವ," ಎಂದು ಅತ್ತರು.

ಡಾಕ್ಟರಿಗೆ ಜೀವ ಬಂದಂತಾಯಿತು. ಅವರನ್ನು ಸೇರಲು ಹೆಜ್ಜೆ ಇಡಹೋದರು. ಮಂಡಿಯಲ್ಲಿ ಚೂರೂ ನೋವಿರಲಿಲ್ಲ, ಆದರೆ ಕಾಲು ಏಳಲಿಲ್ಲ. ತಾವೂ ಗವಸು ತೊಟ್ಟವರೆಂಬುದು ಆಗ ನೆನಪಾಯಿತು.

ತಾವೇ ಉಸಿರಲ್ಲೇ "ಹೂಂ" ಎಂದುಕೊಂಡರು. ಹಿಂದಕ್ಕೆ ತಿರುಗಲು ನೋಡಿದರು, ಪಾದಗಳು ಕದಲಲಿಲ್ಲ. ಬಿದ್ದಾದರೂ ಉರುಳಿಕೊಂಡು ಹೋಗೋಣವೆಂದರೆ, ಆ ಮಂಡಿಗಳು ಯಾವ ಹೊರೆಗೂ ಕುಸಿಯದಿರಲು ಕಲಿತಿದ್ದವು. ಕಾಲಡಿಯ ಕಬ್ಬಿಣ ಸಣ್ಣಗೆ ನಡುಗಲು ಶುರುವಾಯಿತು.

ಆಚೆ ಪುಟ್ಟಲಿಂಗಮ್ಮ ಸೊಂಟ ತಿರುಗಿಸಿ ನೋಡಿದರು. ಓಡಿ ಬರಬೇಕೆಂದರೆ ಅವರ ಕಾಲೂ ನೆಟ್ಟುಕೊಂಡಿತ್ತು. ಬುಟ್ಟಿ ಕೆಳಗೆ ಬಿತ್ತು.

"ಹೂಂ, ನನ್ನವ್ವ, ಹೂಂ," ಎಂದು ಗಂಟಲು ಹರಿಯುವಂತೆ ಅವರು ಕೂಗುತ್ತಲೇ ಇದ್ದರು. ಕೂಗು ಮುಂದಿನಿಂದ ಬರುತ್ತಿತ್ತು.