ಮೆಟ್ಟಿಲ ದೀಪಕ್ಕೆ ಎರಡು ಸ್ವಿಚ್ಚು

"ಏನ್ರೀ, ಬೇಕಂತಲೇ ಲೈಟ್ ಆರಿಸ್ತೀರಾ?"

ಕತ್ತಲ ಮೆಟ್ಟಿಲಲ್ಲಿ ಇಬ್ಬರೂ ಡಿಕ್ಕಿ ಹೊಡೆದಿದ್ದರು. ಅವಳು ಹೊಲಿದು ತಂದಿದ್ದ ಕೋಟುಗಳು ಅವನ ತಲೆಯ ಮೇಲೆ! ಅವನ ಉತ್ತರಪತ್ರಿಕೆಗಳು ಅವಳ ಕಾಲಡಿ!

"ನಾನಾ? ಆರಿಸೋದು ನೀವು! ಕೆಳಗೆ ನಾನು ಎಷ್ಟು ಸಲ ಒತ್ತಿದ್ರೂ ಹತ್ತಲ್ಲ."

ಅವಳು ಮೇಲಿನ ಮನೆಗೆ ಹೊಸದಾಗಿ ಬಂದ ಟೈಲರ್. ಅವನು ಕೆಳಗಿನ ಮನೆಯ ವಿಜ್ಞಾನದ ಮೇಷ್ಟ್ರು. ಇಬ್ಬರಿಗೂ ಸೇರಿ ಮೆಟ್ಟಿಲಿಗೆ ಒಂದೇ ದೀಪ. ಮೇಲೊಂದು, ಕೆಳಗೊಂದು ಸ್ವಿಚ್ಚು. ಮೇಲಿನದನ್ನು ಆರಿಸಿದರೆ ಕೆಳಗಿನದು ಸತ್ತಂತೆ!

ತಡಕಾಡಿ ಕಾಗದ ಹೆಕ್ಕಿ ಕೊಡುವಷ್ಟರಲ್ಲಿ ಅವಳ ಕೋಪ ಇಳಿದಿತ್ತು. 'ಜಗಳದಲ್ಲೂ ಎಷ್ಟು ಮೆತ್ತಗೆ ಮಾತಾಡ್ತಾರೆ...'

ಮುಂದಿನ ವಾರ ಅವನ ಅಡುಗೆಮನೆಯ ನಲ್ಲಿಗೆ ಅವಳೇ ವಾಷರ್ ಬದಲಾಯಿಸಿದಳು. ಕಿರುಗುಟ್ಟುವ ಬಾಗಿಲನ್ನೂ ಸರಿಮಾಡಿದಳು. ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳುವವನು ಬಕೆಟ್ಟು ಹಿಡಿದು ಕಣ್ಣರಳಿಸಿ ನಿಂತಿದ್ದ!

ಆದರೆ ಒಂದು ಮಧ್ಯಾಹ್ನ ಅವನ ಬಾಗಿಲು ತಟ್ಟಲು ಹೋದವಳ ಕೈ ಹಾಗೇ ನಿಂತಿತು. ಒಳಗೆ ಅವನು ಫೋನಿನಲ್ಲಿ ನಗುತ್ತಿದ್ದ.

"ಇಲ್ಲ ಅಕ್ಕ, ಮೇಲಿನ ಮನೆಯವಳಿಗೆ ಏನೂ ಗೊತ್ತಿಲ್ಲ. ಪಾಪ, ಒಂಚೂರೂ ಗೊತ್ತಿಲ್ಲ!"

ಅವಳು ತಿರುಗಿ ಸರಸರನೆ ಮೆಟ್ಟಿಲು ಹತ್ತಿದಳು. 'ಹತ್ತನೇ ಕ್ಲಾಸಿಗೇ ಓದು ಬಿಟ್ಟವಳು ಅಂತ ತಾನೇ? ಇರಲಿ... ಆ ದೀಪ ನಾನೇ ಸರಿ ಮಾಡಿ ತೋರಿಸ್ತೀನಿ!'

ಭಾನುವಾರ ಬೆಳಿಗ್ಗೆ ಮೇನ್ ಆರಿಸಿದಳು. ಟೆಸ್ಟರ್ ಹಿಡಿದು ಕರೆಂಟು ಇಲ್ಲವೆಂದು ಖಾತ್ರಿ ಮಾಡಿಕೊಂಡು ಎರಡೂ ಸ್ವಿಚ್ಚು ಬಿಚ್ಚಿದಳು. ಒಂದೊಂದಕ್ಕೂ ಮೂರು ವೈರು! ತಲೆ ಗಿರ್ರೆಂದಿತು.

ಬಟ್ಟೆ ಕತ್ತರಿಸುವ ಕಾಗದ ಹರಡಿ, ಸೀಮೆಸುಣ್ಣದಲ್ಲಿ ಒಂದೊಂದೇ ಗೆರೆ ಎಳೆದಳು. ಎರಡು ವೈರು ಈ ಸ್ವಿಚ್ಚಿನಿಂದ ಆ ಸ್ವಿಚ್ಚಿಗೆ. ಉಳಿದದ್ದು ಕೆಳಗೆ ಕರೆಂಟಿಗೆ, ಮೇಲೆ ದೀಪಕ್ಕೆ. ಹಾಗಾದರೆ...

"ಅಯ್ಯೋ, ದೀಪದ ವೈರು ಬೇರೆಯವರ ಜಾಗದಲ್ಲಿ ಕೂತಿದೆ!"

ಮೇಲಿನ ಸ್ವಿಚ್ಚಿನಲ್ಲಿ ಆ ಎರಡು ವೈರನ್ನು ಅದಲುಬದಲು ಮಾಡಿ, ಸ್ಕ್ರೂ ಬಿಗಿದು, ಮೇನ್ ಹಾಕಿದಳು. ಮೇಲೆ ಒತ್ತಿದಳು, ಹತ್ತಿತು. ಓಡಿಳಿದು ಕೆಳಗೆ ಒತ್ತಿದಳು, ಆರಿತು! ಮತ್ತೆ ಒತ್ತಿದಳು, ಹತ್ತಿತು!

ಮೇಷ್ಟ್ರು ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ. "ನಾನು ಮೂರು ದಿನದಿಂದ ಚಿತ್ರ ಬರೆದೂ ಬರೆದೂ ಸುಸ್ತಾದೆ ಕಣ್ರೀ... ಹೇಗೆ ಕಂಡುಹಿಡಿದ್ರಿ?"

ಅವಳು ತಲೆಯೆತ್ತಿ ನೋಡಿದಳು. "ಏನೂ ಗೊತ್ತಿಲ್ಲದವಳು ಮಾಡಿದ್ದು ಸರೀನಾ, ಮೇಷ್ಟ್ರೇ?"

ಅವನ ಮುಖ ಬಿಳಿಚಿತು. "ಫೋನಲ್ಲಿ ಹೇಳಿದ್ದು ಕೇಳಿಸ್ಕೊಂಡ್ರಾ? ಅದು... ವೈರಿಂಗ್ ವಿಷಯ ಅಲ್ಲ!"

"ಮತ್ತೆ?"

"ನನಗೆ ನೀವು ಇಷ್ಟ ಅನ್ನೋದು... ಅದು ನಿಮಗೆ ಗೊತ್ತಿಲ್ಲ ಅಂದೆ."

ಅವಳ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು.

ಅವನು ತಡೆಯಲಾರದೆ ಅಕ್ಕನಿಗೆ ಫೋನ್ ಹಚ್ಚಿದ. "ಅಕ್ಕಾ, ದೀಪ ಸರಿ ಹೋಯ್ತು! ನಾನಲ್ಲ, ಇವಳು! ಒಬ್ಬಳೇ!" ಇಡೀ ಬೀದಿಗೆ ಕೇಳುವಂತೆ ಹೇಳುತ್ತಿದ್ದವನ ಎದೆ ಉಬ್ಬಿತ್ತು. ತನಗಾಗಿ ಯಾರಾದರೂ ಹೀಗೆ ಬೀಗಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಕಣ್ಣು ತುಂಬಿತು.

"ಫೋನ್ ಅವಳಿಗೆ ಕೊಡೋ," ಎಂದಳು ಅಕ್ಕ. "ನೋಡಮ್ಮಾ, ನಮ್ಮವನಿಗೆ ಒಂದು ಮೊಳೆ ಹೊಡೆಯೋಕೂ ಬರಲ್ಲ. ಒಪ್ಕೋತೀಯಾ?"

"ಮೊಳೆ ನಾನು ಹೊಡೀತೀನಿ ಅಕ್ಕ. ಇವರು ಏಣಿ ಹಿಡ್ಕೊಂಡ್ರೆ ಸಾಕು."

ಫೋನ್ ಇಟ್ಟು ಅವನತ್ತ ತಿರುಗಿದಳು. "ಗಟ್ಟಿಯಾಗಿ ಹಿಡ್ಕೋತೀರಾ?"

"ನೀನು ಎಷ್ಟು ಎತ್ತರ ಹತ್ತಿದ್ರೂ..."